ಹನ್ನೊಂದರ ಮೇಲೆ ಮತ್ತೆ ಕೇಳು

ಮನೆಯಿಂದ,
ಶನಿವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಕುತ್ತಿಗೆ ನೋವು ಕಡಿಮೆಯಾಯಿತೇ? ದಿನಕ್ಕೆ ಎಂಟು ಗಂಟೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಪರದೆಯ ಮುಂದೆ ಬಗ್ಗಿ ಕೂತರೆ ಕುತ್ತಿಗೆ ಬೇರೆ ಏನು ತಾನೇ ಮಾಡೀತು. ಈಗ ಅದೂ ತಪ್ಪಿ, ನಿನ್ನನ್ನು ಹಳೆಯ ಕಡತಗಳ ಕೋಣೆಗೆ ಹಾಕಿದ್ದಾರೆಂದು ಅಮ್ಮ ಹೇಳಿದಳು. ಅಲ್ಲಿ ಧೂಳಿರುತ್ತದೆ. ಚಿಕ್ಕಂದಿನಿಂದಲೂ ನಿನಗೆ ಧೂಳಾಗದು, ಮೂಗಿಗೊಂದು ಕರವಸ್ತ್ರ ಕಟ್ಟಿಕೋ, ನೋಡಿದವರು ನಗಲಿ ಬಿಡು. ಅಮ್ಮನ ಮಂಡಿ ಹಾಗೇ ಇದೆ, ಮೆಟ್ಟಿಲು ಹತ್ತುವಾಗ ನನ್ನನ್ನು ಬೈಯುತ್ತಾಳೆ, ಇಳಿಯುವಾಗ ಮೆಟ್ಟಿಲನ್ನು. ನಾನು ಚೆನ್ನಾಗಿದ್ದೇನೆ. ಹೋದ ವಾರ ರಕ್ತದೊತ್ತಡ ನೋಡಿಸಿದೆ, ಇಪ್ಪತ್ತೈದರ ಹುಡುಗನ ಹಾಗಿದೆಯಂತೆ. ಇಷ್ಟೆಲ್ಲ ಆದಮೇಲೂ ಅದು ಏರಲಿಲ್ಲ ಎನ್ನುವುದೇ ಅಮ್ಮನಿಗೆ ಹೆದರಿಕೆ.

ಫೋನಿನಲ್ಲಿ ಮಾತಾಡಬೇಕಾದ್ದನ್ನು ಹೀಗೆ ಕಾಗದದಲ್ಲಿ ಬರೆಯುವುದು ನನಗೂ ವಿಚಿತ್ರ ಅನ್ನಿಸುತ್ತಿದೆ. ತನಿಖೆ ಮುಗಿಯುವ ತನಕ ನಾವಿಬ್ಬರೂ ಫೋನಿನಲ್ಲಿ ಮಾತಾಡಬಾರದು ಎಂದಿದ್ದಾರೆ. ಐದು ವಾರವಾಯಿತು. ಕಾಗದ ಬರೆಯಬಾರದು ಎಂದು ಯಾರೂ ಹೇಳಲಿಲ್ಲ, ಈ ಕಾಲದಲ್ಲೂ ಕಾಗದ ಬರೆಯುವವರಿದ್ದಾರೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ಓದಿದ ಮೇಲೆ ಹರಿದು ಹಾಕು.

ಆ ದಿನ ಆದದ್ದನ್ನು ನೀನು ಬೇರೆಯವರ ಬಾಯಿಂದ, ಇಲ್ಲವೇ ವರದಿಯಲ್ಲಿ ಮಾತ್ರ ತಿಳಿದಿರಬೇಕು. ನಾನೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಆರೂವರೆಗೆ ಎಂದಿನಂತೆ ನಿನಗೆ ಫೋನ್ ಮಾಡಿದೆ. ಎಂದಿನಂತೆ ಕೇಳಿದೆ, ‘ಇವತ್ತು ಎಲ್ಲಿ ಗೆರೆ ಹಾಕಿದೀರಮ್ಮ?’ ಎಂದು. ನೀನು ಹೇಳಿದೆ, ಅಣೆಕಟ್ಟಿನ ಮೇಲೆ ಯಾವಾಗಲೂ ಇರುವ ಹಾರಾಟ ನಿಷೇಧದ ವರ್ತುಲ ಇದ್ದೇ ಇದೆ, ದೊಡ್ಡವರೊಬ್ಬರು ಸಂಜೆ ಬರುವವರಿದ್ದಾರೆ, ಅವರ ದಾರಿ ಇನ್ನೂ ನಿಕ್ಕಿಯಾಗಿಲ್ಲ ಎಂದು. ಕೊನೆಗೆ ಹೇಳಿದೆ, ‘ಈಗ ಏನೂ ಇಲ್ಲ, ಹೋಗು. ಆದ್ರೆ ಹನ್ನೊಂದರ ಮೇಲೆ ಮತ್ತೆ ಕೇಳು ಅಪ್ಪಾ, ಮರೀಬೇಡ.’ ನಾನು ಮರೆಯಲಿಲ್ಲ ಪುಟ್ಟೀ. ಅದನ್ನು ಮೊದಲು ಹೇಳಿಬಿಡಬೇಕು.

ನಮ್ಮ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಈ ಗೆರೆಗಳ ಜೊತೆ ಬಾಳುವುದನ್ನು ಒಬ್ಬೊಬ್ಬರು ಒಂದೊಂದು ಥರ ಕಲಿತಿದ್ದಾರೆ. ನಾನು ಹಾರಲು ಕಲಿತಾಗ ನಕ್ಷೆಯ ಮೇಲೆ ಇದ್ದದ್ದು ಎರಡೇ ವರ್ತುಲ, ಎರಡೂ ಅಚ್ಚಾಗಿಯೇ ಬರುತ್ತಿದ್ದವು, ಜನ್ಮಕ್ಕೊಮ್ಮೆ ಉರು ಹೊಡೆದರೆ ಸಾಕಿತ್ತು. ಈಗ ಅವು ಹುಟ್ಟುತ್ತವೆ, ಹಿಗ್ಗುತ್ತವೆ, ದೊಡ್ಡವರ ಕಾರಿನ ಜೊತೆಗೇ ಊರಿಂದೂರಿಗೆ ಹೋಗುತ್ತವೆ, ಊಟದ ಹೊತ್ತಿಗೆ ಇರುವುದು ಚಹಾದ ಹೊತ್ತಿಗೆ ಇರುವುದಿಲ್ಲ. ಗಂಟಲು ಡಾಕ್ಟರು ಪ್ರತಿ ಸೂಚನೆಯನ್ನೂ ಅಚ್ಚು ಹಾಕಿಸಿ, ಪೆನ್ಸಿಲಿನಲ್ಲಿ ನಕ್ಷೆಯ ಮೇಲೆ ವರ್ತುಲ ಬರೆದು, ಇಳಿದ ಮೇಲೆ ರಬ್ಬರಿನಲ್ಲಿ ಅಳಿಸುತ್ತಾರೆ. ಅಳಿಸಿ ಅಳಿಸಿ ನಮ್ಮೂರು ಇರುವ ಜಾಗದಲ್ಲೇ ಕಾಗದ ತೂತು ಬಿದ್ದಿದೆ. ಬೇಕರಿಯವನು ಸೂಚನೆಗಳನ್ನು ಮೂರು ಸಲ ಓದುತ್ತಾನೆ, ಸಮಯವನ್ನು ಜಾಗತಿಕ ಗಂಟೆಯಿಂದ ನಮ್ಮ ಗಂಟೆಗೆ ಎರಡು ಸಲ ಬದಲಾಯಿಸುತ್ತಾನೆ, ಎರಡು ಸಲಕ್ಕೂ ಬೇರೆ ಬೇರೆ ಉತ್ತರ ಬಂದು ಗಾಬರಿಯಾಗಿ, ವಿಮಾನದ ಗಾಜು ಒರೆಸಿ ಮನೆಗೆ ಹೋಗುತ್ತಾನೆ. ನಾನು ಮಾತ್ರ ಮಗಳಿಗೆ ಫೋನ್ ಮಾಡುತ್ತಿದ್ದೆ. ಆ ಸೂಚನೆಗಳನ್ನು ಟೈಪು ಮಾಡಿ ಹೊರಡಿಸುವ ಮೇಜಿನಲ್ಲೇ ಮಗಳು ಕೂತಿರುವಾಗ ನಾನ್ಯಾಕೆ ಆ ಇಂಗ್ಲಿಷ್ ದೊಡ್ಡಕ್ಷರಗಳ ಜೊತೆ ಗುದ್ದಾಡಲಿ ಎಂದು ಜಂಬ ಬೇರೆ ಕೊಚ್ಚಿಕೊಳ್ಳುತ್ತಿದ್ದೆ. ಪೈಲಟ್‌ಗಳು ಕರೆ ಮಾಡಬೇಕಾದದ್ದು ಆಡಿದ ಮಾತೆಲ್ಲ ಧ್ವನಿಮುದ್ರಣವಾಗುವ ಮಾಹಿತಿ ಕೇಂದ್ರದ ನಂಬರಿಗೆ, ಆ ನಂಬರು ನನ್ನ ಹತ್ತಿರ ಇರಲೇ ಇಲ್ಲ ಎಂದು ತನಿಖೆಯಲ್ಲಿ ಹೇಳಿದ್ದೇನೆ.

ಗುಡ್ಡದಾಚೆಯ ಸಣ್ಣ ಇಳಿದಾಣಕ್ಕೆ ನಲವತ್ತು ನಿಮಿಷ. ಅಲ್ಲಿಯ ಮೆಕ್ಯಾನಿಕ್ ಗ್ರೀಸಣ್ಣನ ಕನ್ನಡಕದ ಕಾಲು ಸಡಿಲವಾಗಿತ್ತು. ನನ್ನ ಕನ್ನಡಕದ ಅಂಗಡಿ ಮುಚ್ಚಿ ಆರು ವರ್ಷವಾದರೂ ಜನ ನನ್ನ ಮುಖ ಕಂಡ ಕೂಡಲೇ ಕನ್ನಡಕ ತೆಗೆದು ಕೈಗಿಡುತ್ತಾರೆ. ಕೋಟನ್ನು ವಿಮಾನದ ಸೀಟಿನ ಮೇಲೆ ಎಸೆದು, ಶೆಡ್ಡಿನ ಬಾಗಿಲಲ್ಲಿ ಬೆಳಕಿಗೆ ಕೂತು ಸ್ಕ್ರೂ ಬಿಗಿ ಮಾಡಿದೆ, ಚಹಾ ಕುಡಿದೆ. ಗೋಡೆಯ ಗಡಿಯಾರ ನೋಡಿದೆ, ಹನ್ನೊಂದೂ ಕಾಲು. ಹನ್ನೊಂದರ ಮೇಲೆ ಕೇಳಬೇಕು ಎಂಬುದು ನೆನಪಿತ್ತು. ಬೆಳಿಗ್ಗೆಯೇ ನಿನ್ನ ಒಂಬತ್ತು ನಿಮಿಷ ತಿಂದಿದ್ದೇನೆ, ಈಗ ಡ್ಯೂಟಿಯ ನಡುವೆ ಮತ್ತೆ ಮಾಡಿದರೆ ‘ಅಪ್ಪಾ, ಆಮೇಲೆ ಮಾಡು’ ಎನ್ನುತ್ತೀಯ, ನಿನ್ನ ಪಕ್ಕದ ಮೇಜಿನವರು ಮುಖ ನೋಡುತ್ತಾರೆ ಎಂದುಕೊಂಡೆ. ದೊಡ್ಡವರು ಬರುವುದು ಸಂಜೆಗೆ ತಾನೆ. ಮನೆಗೆ ನಲವತ್ತೇ ನಿಮಿಷ. ಇಷ್ಟೇ ನನ್ನ ಲೆಕ್ಕ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಹನ್ನೊಂದೂ ಹತ್ತಕ್ಕೆ ಆ ದೊಡ್ಡವರ ದಾರಿ ಬದಲಾಯಿತು, ಹನ್ನೊಂದೂವರೆಯಿಂದ ಜಾರಿಗೆ ಬರುವಂತೆ ನಮ್ಮ ಗುಡ್ಡದ ಮೇಲೆ ಹೊಸ ವರ್ತುಲ ಬಿತ್ತು. ಅದನ್ನು ಟೈಪು ಮಾಡಿದವಳು ನೀನೇ ಎಂದು ಆಮೇಲೆ ಗೊತ್ತಾಯಿತು. ಹನ್ನೊಂದೂ ಹನ್ನೆರಡಕ್ಕೆ, ಹದಿನಾಲ್ಕಕ್ಕೆ, ಇಪ್ಪತ್ತಕ್ಕೆ, ಮೂರು ಸಲ ನೀನು ನಿನ್ನ ಸ್ವಂತ ಫೋನಿನಿಂದ ನನಗೆ ಕರೆ ಮಾಡಿದ್ದೀಯ. ಫೋನು ಕೋಟಿನ ಜೇಬಿನಲ್ಲಿತ್ತು. ಅದು ಬಡಕೊಳ್ಳುತ್ತಿದ್ದಾಗ ನಾನು ಹತ್ತು ಮಾರು ದೂರದಲ್ಲಿ ಕೂತು, ಮಗಳಿಗೆ ತೊಂದರೆ ಕೊಡುವುದು ಬೇಡ ಎಂದು ಚಹಾ ಮುಗಿಸುತ್ತಿದ್ದೆ.

ಹೆಲಿಕಾಪ್ಟರ್ ಬಂದದ್ದು ಹನ್ನೆರಡಕ್ಕೆ ಐದು ನಿಮಿಷವಿದ್ದಾಗ. ಮೊದಲು ಎಡಗಡೆ ನೆರಳು ಬಿತ್ತು. ಆಮೇಲೆ ಅದು ಪಕ್ಕಕ್ಕೇ ಬಂತು, ಬಾಗಿಲಲ್ಲಿ ಕೂತಿದ್ದ ಸೈನಿಕನ ಗಡ್ಡದ ಕೂದಲು ಕಾಣುವಷ್ಟು ಹತ್ತಿರ. ‘ಹಿಂಬಾಲಿಸಿ’ ಎಂದು ಬರೆದ ಹಲಗೆ ತೋರಿಸಿದ. ಇನ್ನೊಬ್ಬನ ಕೈಯಲ್ಲಿ ಏನಿತ್ತು ಎಂಬುದನ್ನು ಅಮ್ಮನಿಗೆ ಹೇಳಿಲ್ಲ, ನೀನೂ ಹೇಳಬೇಡ. ಎದೆ ಡವಗುಟ್ಟಲಿಲ್ಲ, ಬೆವರಲಿಲ್ಲ. ಅಕ್ಷರ ದುಂಡಗಿದೆ, ಚೆನ್ನಾಗಿ ಬರೆದಿದ್ದಾರೆ ಅನ್ನಿಸಿತು. ರೆಕ್ಕೆ ಅಲ್ಲಾಡಿಸಿ ಗೊತ್ತಾಯಿತೆಂದು ತೋರಿಸಿ, ಅವರ ಹಿಂದೆ ಹೋಗಿ ದೊಡ್ಡ ರನ್‌ವೇ ಮೇಲೆ ಇಳಿದೆ. ನನ್ನ ಜೀವಮಾನದಲ್ಲೇ ಅಷ್ಟು ಮೆತ್ತಗೆ ಇಳಿದಿರಲಿಲ್ಲ. ಅಂದು ಹಿಡಿದ ಜೋಮು ಇನ್ನೂ ಬಿಟ್ಟಿಲ್ಲ ಪುಟ್ಟೀ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗೆ. ಊಟ ಮಾಡುತ್ತೇನೆ, ಉಪ್ಪು ಹೆಚ್ಚೋ ಕಡಿಮೆಯೋ ತಿಳಿಯುವುದಿಲ್ಲ. ನಿದ್ದೆ ಚೆನ್ನಾಗಿಯೇ ಬರುತ್ತದೆ. ಇಷ್ಟು ವರ್ಷ ವಿಮಾನವನ್ನು ‘ನನ್ನ ಸವತಿ’ ಎಂದು ಕರೆಯುತ್ತಿದ್ದ ಅಮ್ಮ, ಮೊನ್ನೆ ನನ್ನೆದುರು ಕೂತು, ‘ರೀ, ಒಂದ್ಸಲ ಕೂಗಾಡಿಬಿಡಿ, ಇಲ್ಲ ಅತ್ತುಬಿಡಿ. ಹೀಗೆ ಸುಮ್ನೆ ಕೂತ್ರೆ ನಂಗೆ ಭಯ ಆಗತ್ತೆ’ ಎಂದಳು. ಪ್ರಯತ್ನಪಟ್ಟೆ. ಆಕಳಿಕೆ ಬಂತು. ಇಬ್ಬರೂ ನಕ್ಕೆವು, ಅವಳು ನಗುತ್ತಾ ಕಣ್ಣೊರೆಸಿಕೊಂಡಳು.

ಈಗ ವಿಷಯಕ್ಕೆ ಬರುತ್ತೇನೆ. ತನಿಖೆಯವರು ಒಂದು ಫಾರಂ ಕೊಟ್ಟಿದ್ದರು, ಏಳನೆಯ ಪ್ರಶ್ನೆ ಹೀಗಿದೆ: ‘ಹೊರಡುವ ಮುನ್ನ ವಾಯುಪ್ರದೇಶದ ನಿರ್ಬಂಧಗಳ ಮಾಹಿತಿಯನ್ನು ಯಾರಿಂದ ಪಡೆದಿರಿ?’ ಗಂಟಲು ಡಾಕ್ಟರು ಎರಡು ಸಂಜೆ ನಮ್ಮ ಮನೆಯಲ್ಲೇ ಕೂತು ನನಗೆ ಬುದ್ಧಿ ಹೇಳಿದರು. ‘ಇದ್ದದ್ದು ಇದ್ದಂಗೆ ಬರೀರಿ. ಮಗಳನ್ನ ಕೇಳಿದ್ದೆ, ಮತ್ತೆ ಕೇಳು ಅಂದಿದ್ಲು, ನಾನು ಕೇಳ್ಲಿಲ್ಲ ಅಂತ. ಮಾಹಿತಿ ಪಡೆದೇ ಹೊರಟವ್ರಿಗೆ ಮೂರು ತಿಂಗಳ ಅಮಾನತು, ಅಷ್ಟೆ. ಏನೂ ಕೇಳದೆ ಹೊರಟವ್ರಿಗೆ ಲೈಸೆನ್ಸೇ ರದ್ದು. ಈ ವಯಸ್ಸಲ್ಲಿ ಮತ್ತೆ ಯಾರು ಕೊಡ್ತಾರೆ ನಿಮಗೆ?’ ಅವರು ಹೇಳಿದ್ದು ಸರಿ. ಆದರೆ ಧ್ವನಿಮುದ್ರಣವಿಲ್ಲದ ಫೋನಿನಲ್ಲಿ, ಅಪ್ಪನಿಗೇ ಆಗಲಿ, ಆ ಮೇಜಿನವರು ಒಂದಕ್ಷರವನ್ನೂ ಬಾಯಿ ಬಿಡಬಾರದು ಎಂಬ ನಿಯಮವಿದೆ. ಬಿಟ್ಟರೆ ಕೆಲಸ ಹೋಗುತ್ತದೆ. ಅದನ್ನು ಡಾಕ್ಟರಿಗೆ ನಾನು ಹೇಳಲಿಲ್ಲ. ನೀನು ಕೆಲಸಕ್ಕೆ ಸೇರಿದ ವಾರವೇ ನನಗೆ ಹೇಳಿದ್ದೆ, ನಾನು ಕೇಳಿಸಿಕೊಂಡೂ ಕೇಳಿಸಿಕೊಳ್ಳದವನ ಹಾಗೆ ನಾಲ್ಕು ವರ್ಷ ಫೋನ್ ಮಾಡಿದೆ. ತಪ್ಪು ನನ್ನದು, ಬಾಯಿಬಿಡಿಸಿದವನು ನಾನು.

ಇವತ್ತು ಬೆಳಿಗ್ಗೆ ಫಾರಂ ಕೊಟ್ಟು ಬಂದೆ. ಏಳನೆಯ ಪ್ರಶ್ನೆಗೆ ‘ಯಾರಿಂದಲೂ ಪಡೆಯಲಿಲ್ಲ’ ಎಂದು ಬರೆದೆ. ತನಿಖೆಯ ಅಧಿಕಾರಿ ಓದಿ, ಕನ್ನಡಕ ಹಣೆಗೇರಿಸಿ, ‘ಬೆಳಿಗ್ಗೆ ಆರೂವರೆಗೆ ಮಗಳ ಜೊತೆ ಒಂಬತ್ತು ನಿಮಿಷ ಮಾತಾಡಿದೀರಿ, ಏನು ಮಾತು?’ ಎಂದರು. ಅವಳಮ್ಮನ ಮಂಡಿಯ ವಿಷಯ ಎಂದೆ. ‘ಹನ್ನೊಂದರ ಮೇಲೆ ಮೂರು ಸಲ ಅವರೇ ಮಾಡಿದಾರಲ್ಲ?’ ಅಮ್ಮನಿಗೆ ಅವತ್ತು ಡಾಕ್ಟರ ಹತ್ತಿರ ಹೋಗುವುದಿತ್ತು, ಅದಕ್ಕಿರಬೇಕು ಎಂದೆ. ಅವತ್ತು ಅಮ್ಮ ಹೋಗಬೇಕಾಗಿದ್ದದ್ದು ನಿಜ, ಆಸ್ಪತ್ರೆಯ ಚೀಟಿಯೂ ಇದೆ. ಅವರು ನಾನು ಹೇಳಿದ ಹಾಗೆಯೇ ಬರೆದುಕೊಂಡರು. ಅವರಿಗೂ ಮಕ್ಕಳಿರಬೇಕು. ಲೈಸೆನ್ಸನ್ನು ಅಲ್ಲೇ ತೆಗೆದುಕೊಂಡು ಲಕೋಟೆಗೆ ಹಾಕಿ, ಮೇಲೆ ನನ್ನ ಸಹಿ ಹಾಕಿಸಿದರು. ಮೂವತ್ತೊಂದು ವರ್ಷದ ಹಿಂದಿನ ಫೋಟೋ ಅದು, ತಲೆ ತುಂಬ ಕೂದಲು. ಆಗಲೂ ಏನೂ ಅನ್ನಿಸಲಿಲ್ಲ. ಹೊರಗೆ ಬಂದು ಬಸ್ಸಿಗೆ ನಿಂತೆ. ತಲೆಯ ಮೇಲೆ ಯಾವುದೋ ಸಣ್ಣ ವಿಮಾನ ಹೋಯಿತು, ಕತ್ತೆತ್ತಲಿಲ್ಲ.

ಮುಂದಿನ ಶುಕ್ರವಾರ ನಿನ್ನನ್ನು ಕರೆಯುತ್ತಾರಂತೆ. ನೀನು ಅಮ್ಮನ ಥರ, ನಿಜ ಹೇಳದಿದ್ದರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಆದರೂ ಈ ಒಂದು ಸಲ ನನ್ನ ಮಾತು ಕೇಳು. ಮಂಡಿಯ ವಿಷಯ ಮಾತಾಡಿದ್ದೂ ಸುಳ್ಳಲ್ಲ, ಒಂಬತ್ತರಲ್ಲಿ ಎರಡು ನಿಮಿಷ ಅದೇ ಆಯಿತು. ಅದನ್ನಷ್ಟೇ ಹೇಳು. ನಾನಂತೂ ನನ್ನ ಪಾಲಿನ ಆಕಾಶ ನೋಡಿದ್ದಾಯಿತು, ನೀನು ಆ ಮೇಜಿನಲ್ಲಿ ಕೂತಿದ್ದರೆ ಬೇರೆ ಯಾರದೋ ಅಪ್ಪ ಸುರಕ್ಷಿತವಾಗಿ ಇಳಿಯುತ್ತಾನೆ. ಈಗ ಬರೆದದ್ದನ್ನು ಓದಿಕೊಂಡರೆ ಭಾಷಣದ ಹಾಗಿದೆ. ಇರಲಿ, ಹೊಡೆದು ಹಾಕುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಕಡತಗಳ ಮೇಲೇ ತಲೆಯಿಟ್ಟು ನಿದ್ದೆ ಮಾಡಬೇಡ, ಕುತ್ತಿಗೆ ಹಿಡಿದುಕೊಳ್ಳುತ್ತದೆ. ನಿನ್ನ ಕೋಣೆಯ ಗೆಳತಿಗೆ ನನ್ನ ನೆನಪು ಹೇಳು. ಅಮ್ಮ ಅಡುಗೆಮನೆಯಿಂದಲೇ ತನ್ನ ಆಶೀರ್ವಾದವನ್ನೂ ಸೇರಿಸಿ ಬರೆಯಿರಿ ಎಂದು ಕೂಗಿ ಹೇಳುತ್ತಿದ್ದಾಳೆ, ಸೇರಿಸಿದ್ದೇನೆ. ನಮ್ಮಿಬ್ಬರ ಆಯುಸ್ಸೂ ನೆಮ್ಮದಿಯೂ ನಿನಗಿರಲಿ.

ನಿನ್ನ
ಅಪ್ಪ

ವಿ.ಸೂ.: ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಗೀಚುತ್ತಿದ್ದೇನೆ, ಟಪಾಲು ಚೀಲ ತುಂಬುತ್ತಿದ್ದಾರೆ. ಕೇಂದ್ರದ ನಂಬರು ನನ್ನ ಹತ್ತಿರ ಇರಲಿಲ್ಲ ಎಂದದ್ದು ಸುಳ್ಳು ಪುಟ್ಟೀ, ಕ್ಲಬ್ಬಿನ ಗೋಡೆಯ ಮೇಲೆ ಕೈಯಗಲದ ಅಕ್ಷರದಲ್ಲಿದೆ. ಬೇಕರಿಯವನು ಕ್ಲಬ್ಬಿನ ವಿಮಾನದಲ್ಲಿ ತನ್ನ ಸರದಿಯನ್ನು ನನಗೇ ಬಿಟ್ಟಿದ್ದಾನೆ, ಹಾಗಾಗಿ ದಿನಾ ಹಾರುತ್ತೇನೆ ಎಂದು ನಿನಗೆ ಹೇಳಿದ್ದೂ ಸುಳ್ಳು. ನಾಲ್ಕು ವರ್ಷ ನಾನು ಹಾರಿದ್ದು ವಾರಕ್ಕೆರಡೇ ದಿನ. ಮಿಕ್ಕ ಐದು ದಿನ ಲುಂಗಿಯಲ್ಲಿ ಮನೆಯ ಜಗಲಿಯ ಮೇಲೆ ನಿಂತು, ಇವತ್ತು ಎಲ್ಲಿ ಗೆರೆ ಎಂದು ನಿನ್ನನ್ನು ಕೇಳಿದ್ದೇನೆ. ನೀನು ಆ ಊರಿಗೆ ಹೋದ ಹೊಸದರಲ್ಲಿ ಊಟ ಆಯಿತಾ, ಆಯಿತು ಎನ್ನುವಷ್ಟರಲ್ಲಿ ನಮ್ಮ ಮಾತು ಮುಗಿದುಹೋಗುತ್ತಿತ್ತು. ಗೆರೆಯ ವಿಷಯ ಕೇಳಿದ ಮೊದಲ ದಿನ ನೀನು ಏಳು ನಿಮಿಷ ಮಾತಾಡಿದೆ. ಈಗ ಕೇಳುವುದಕ್ಕೆ ನನ್ನ ಹತ್ತಿರ ಏನೂ ಉಳಿದಿಲ್ಲ. ಆದರೂ ತನಿಖೆ ಮುಗಿದ ಮಾರನೆಯ ದಿನ ಬೆಳಿಗ್ಗೆ ಆರೂವರೆಗೆ ಫೋನ್ ಮಾಡುತ್ತೇನೆ. ಎತ್ತಿಕೋ.