ಗುಂಡಿ ಹಾಕಿದ ಅಂಗಿ

ಅಪ್ಪಾ,

ಇವತ್ತು ನಮ್ಮ ಹೊಲಿಗೆ ಅಂಗಡಿಗೆ ಗಂಡ ಹೆಂಡತಿ ಬಂದಿದ್ದರು. ಗಂಡನ ಹೊಸ ಅಂಗಿಯ ಗುಂಡಿ ತೆಗೆದು, ಒತ್ತಿದರೆ ಅಂಟಿಕೊಳ್ಳುವ ವೆಲ್ಕ್ರೋ ಪಟ್ಟಿ ಹಾಕಿಕೊಡಬೇಕಂತೆ. "ಯಾಕಮ್ಮ, ಇದೇನು ಮಕ್ಕಳ ಬೂಟಾ?" ಎಂದು ನಕ್ಕೆ.

"ಹೋದ ವರ್ಷ ಇವರಿಗೆ ಸಿಡಿಲು ಬಡೀತು," ಎಂದಳು ಆಕೆ. "ಮೈಮೇಲೆ ಒಂದು ಗಾಯ ಇಲ್ಲ, ಸ್ಕ್ಯಾನ್‌ನಲ್ಲೂ ಏನಿಲ್ಲ. ಆದ್ರೆ ನರಕ್ಕೆ ಪೆಟ್ಟು ಬಿದ್ದಿದೆಯಂತೆ. ಬೆರಳು ಮಾತು ಕೇಳಲ್ಲ. ಹೇಳ್ತಿದ್ದದ್ದು ಅರ್ಧಕ್ಕೇ ಮರೆತುಹೋಗುತ್ತೆ, ಸುಮ್ಮಸುಮ್ನೆ ರೇಗ್ತಾರೆ. ನೋಡೋಕೆ ಚೆನ್ನಾಗಿದಾರಲ್ಲ, ಎಲ್ರೂ ನಾಟಕ ಅಂತಾರೆ."

ನಾನು ತಲೆ ಬಗ್ಗಿಸಿ ಟೇಪು ಸುತ್ತುತ್ತಾ ಕೂತೆ.

ನಿನಗೂ ಸಿಡಿಲು ಬಡಿದಿತ್ತಲ್ಲ. ಆಮೇಲೆ ಇದೇ ಅಂಗಡಿಯಲ್ಲಿ ಗಿರಾಕಿಗಳ ಅಂಗಿಯ ಎಡತೋಳನ್ನು ಬಲಕ್ಕೆ ಕೂಡಿಸಿ ಹೊಲಿಯುತ್ತಿದ್ದೆ. ಅಂಗಿ ಹಾಗೇ ತೆರೆದುಕೊಂಡು ಊಟಕ್ಕೆ ಬರುತ್ತಿದ್ದೆ. "ಗುಂಡಿ ಹಾಕ್ಕೊಂಡು ಬಾ, ಆಮೇಲೆ ಬಡಿಸ್ತೀನಿ" ಎನ್ನುತ್ತಿದ್ದೆ ನಾನು. ನೀನು ಕೋಣೆಗೆ ಹೋಗುತ್ತಿದ್ದೆ. ಎಷ್ಟೋ ಸಲ ತಿರುಗಿ ಬರುತ್ತಲೇ ಇರಲಿಲ್ಲ. ಹಸಿವಿಲ್ಲವೇನೋ ಎಂದು ನಾನು ಪಾತ್ರೆ ಮುಚ್ಚಿಡುತ್ತಿದ್ದೆ.

ಅವರ ಅಂಗಿಯ ಗುಂಡಿ ತೂರಿಸುವ ಕಾಜಾಗಳನ್ನು ಹೊಲಿದು ಮುಚ್ಚಿ, ಗುಂಡಿಗಳನ್ನು ಅವುಗಳ ಮೇಲೆ ಬರೀ ತೋರಿಕೆಗೆ ಹಚ್ಚಿ, ಒಳಗೆ ಪಟ್ಟಿ ಕೂರಿಸಿಕೊಟ್ಟೆ. ಅವರು ಕನ್ನಡಿ ಮುಂದೆ ನಿಂತು ತಾವೇ ಹಾಕಿಕೊಂಡರು. ಬಿಚ್ಚಿ ಮತ್ತೆ ಹಾಕಿಕೊಂಡರು. ಹೆಂಡತಿ ಅವಸರ ಮಾಡಲಿಲ್ಲ, ಕೈ ಹಾಕಲೂ ಇಲ್ಲ. ಪಕ್ಕದಲ್ಲಿ ಸುಮ್ಮನೆ ನಿಂತಿದ್ದಳು.

ಅವರು ಹೋದ ಮೇಲೆ ಅಂಗಡಿ ಬಾಗಿಲು ಹಾಕಿ ಮನೆಗೆ ಬಂದೆ. ನೀನು ತೀರಿಕೊಂಡಾಗಿನಿಂದ ಬೀರುವಿನಲ್ಲೇ ಇದ್ದ ನಿನ್ನ ನೀಲಿ ಅಂಗಿ ತೆಗೆದು, ಅದಕ್ಕೂ ಹಾಗೇ ಮಾಡಿದೆ.

ಎಲ್ಲ ಗುಂಡಿ ಹಾಕಿದ ಹಾಗೇ ಕಾಣುತ್ತೆ, ಅಪ್ಪ. ಊಟಕ್ಕೆ ಬಾ.