ವಿಯೆನ್ನಾದಲ್ಲಿ ಖಾಲಿಯಾಗದ ಲೋಟ

ಅಸುಂತಕ್ಕಾ,

ವಿಯೆನ್ನಾದಲ್ಲಿ ಇದ್ದದ್ದೇ ಒಂದು ದಿನ. ಅರಮನೆ ನೋಡಲು ಹೋಗುವ ಮುಂಚೆ ಕಾಫಿ ಕುಡಿಯೋಣವೆಂದು ಕೂತೆವು. ನಮ್ಮೂರಿನ ಹಾಗೆ ನಿಂತೇ ಕುಡಿದು ಹೊರಡುವಂತಿಲ್ಲ ಇಲ್ಲಿ. ಕಾಫಿಯ ಜೊತೆ ನೀರೂ ಬಂತು. ಮುಂದಿಟ್ಟಿದ್ದನ್ನು ಬಿಟ್ಟೇಳಬಾರದೆಂದು ಅಮ್ಮ ಕಲಿಸಿದ್ದಾಳಲ್ಲ, ಕುಡಿದೆವು. ಮಾಣಿ ಮತ್ತೆ ತಂದಿಟ್ಟ. ಮತ್ತೆ ಕುಡಿದೆವು. ಹೀಗೇ ಸಂಜೆಯಾಯಿತು! ಕೊನೆಗೆ ಪಕ್ಕದ ಮೇಜಿನ, ನಮ್ಮ ಇಟಾಲಿಯನ್ ಬಲ್ಲ ಅಜ್ಜಿಯೊಬ್ಬಳು ನಕ್ಕಳು: "ಲೋಟ ಖಾಲಿಯಾದ್ರೆ ಅವ್ನು ತರ್ತಾನೇ ಇರ್ತಾನಮ್ಮ. ಹಾಗೇ ಬಿಟ್ಟು ಏಳಿ, ಯಾರೂ ಏನೂ ಅಂದ್ಕೊಳಲ್ಲ."

ನಾನು ದಡಕ್ಕನೆ ಎದ್ದೆ. ನನ್ನ ಗಂಡ ದೋನಾತೋ ಮಹಾಶಯ ಮಾತ್ರ ಲೋಟವೆತ್ತಿ ಗಟಗಟ ಮುಗಿಸಿದ. "ಕೂತ್ಕೊಳೇ. ಮನೇಲಿ ಒಂದು ಲೋಟ ನೀರಿಗೆ ಎಷ್ಟು ಸಲ ಕೂಗ್ಬೇಕು ಗೊತ್ತಾ ನಿಂಗೆ?"

ಕೂತು ಕೂತು ಮಂಡಿನೋವು ಇಳಿದಿದೆ. ರೈಲಿಗೆ ಹೊತ್ತಾಯಿತು. ಅಮ್ಮ ಕೇಳಿದರೆ, ಅರಮನೆ ಬಹಳ ಚೆನ್ನಾಗಿತ್ತಂತೆ ಎನ್ನು.

ನಿನ್ನ ಫಿಲೋಮೇನಾ