ಜವರಯ್ಯನ ಜಾಗ

೯ ಮಾರ್ಚ್ ೧೯೪೧, ಭಾನುವಾರ. ಹುಣಸೂರು.

ಜವರಯ್ಯನ ಮಾತು ಇನ್ನೂ ಕಿವಿಯಲ್ಲೇ ಇದೆ.

ಮೈಸೂರು ಸಂಸ್ಥಾನದ ಇದುವರೆಗಿನ ಅತ್ಯುತ್ತಮ ಫುಟ್‌ಬಾಲ್ ತಂಡವನ್ನು ಬರೆದು ಕಳಿಸಿ ಎಂದು ಬೆಂಗಳೂರಿನ ಕ್ಲಬ್ಬೊಂದರವರು ಕೇಳಿದ್ದಾರೆ. ಹಿಂದೆ ಇಬ್ಬರು ಬ್ಯಾಕ್, ನಡುವೆ ಮೂವರು ಹಾಫ್, ಮುಂದೆ ಐವರು. ನನ್ನ ಪಟ್ಟಿ ಹಳೆಯ ಪದ್ಧತಿಯದೇ. ನಟ್ಟನಡುವಿನ ಸೆಂಟರ್ ಹಾಫ್ ಜಾಗಕ್ಕೆ ನನ್ನ ಶಿಷ್ಯ ಜವರಯ್ಯನನ್ನು ಬಿಟ್ಟರೆ ಯಾರೂ ಹೊಳೆಯಲಿಲ್ಲ. ಇವತ್ತು ಅವನ ಊರಾದ ಮಿರ್ಲೆಗೆ ಹೋಗಿ ಅವನಿಗೇ ತೋರಿಸಿದೆ.

ಗದ್ದೆಯ ಬದುವಿನ ಮೇಲೆ ಕೂತು ಹಾಳೆಯನ್ನು ಬಹಳ ಹೊತ್ತು ನೋಡಿದ.

"ನಡೂಕ್ ಆಕಿದ್ದೀರಲ್ಲ ಮೇಷ್ಟ್ರೇ. ಅವತ್ಯಾಕೆ ಇಂದಕ್ ನಿಲ್ಸುದ್ರಿ?"

ಐದು ವರ್ಷದ ಹಿಂದೆ ನಾನು ಪಳಗಿಸಿದ ತಂಡ ಆಡಿದ ಫೈನಲ್ ಮ್ಯಾಚಿನ ಮಾತು. ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ ಹೊಸ ತಂತ್ರವನ್ನು ನಂಬಿ, ಮೈದಾನವನ್ನೆಲ್ಲ ಆಳುತ್ತಿದ್ದವನನ್ನು ಮೂರನೆಯ ಬ್ಯಾಕ್ ಮಾಡಿ, ಎದುರಾಳಿಗಳಲ್ಲಿ ಒಬ್ಬನಿಗೆ ಕಾವಲು ಹಾಕಿದ್ದೆ. ಮುಂದೆ ಹೋಗಕೂಡದು ಎಂದಿದ್ದೆ. ಅವನು ಹೋಗಲಿಲ್ಲ. ಒಂದು ಗೋಲಿನಿಂದ ಗೆದ್ದೆವು. ಅದಾದ ಮೇಲೆ ಅವನು ಚೆಂಡು ಮುಟ್ಟಲಿಲ್ಲ. ಬೇಸಾಯದ ಕೆಲಸ ಹೆಚ್ಚಾಗಿರಬೇಕು ಎಂದುಕೊಂಡು ನಾನು ಒಮ್ಮೆಯೂ ಕೇಳಲಿಲ್ಲ.

"ಕಪ್ ಬಂತಲ್ಲೋ" ಎಂದೆ.

"ಬಂತು ಬುಡಿ. ಅವರೆಲ್ಲ ಆಡುದ್ರು. ನಾನು ನಿಂತ್ಕಂಡು ನೋಡ್ದೆ ಕಣ್ರೀ."

ಸಿಟ್ಟಿನಿಂದ ಹೇಳಿದ್ದರೆ ಸಮಾಧಾನವಾಗುತ್ತಿತ್ತು. ಮಜ್ಜಿಗೆ ಕುಡಿಸಿ, ಬಸ್ಸಿನವರೆಗೂ ಬಂದು ಕಳಿಸಿಕೊಟ್ಟ.

ಹಾಳೆಯನ್ನು ನಾಳೆ ಅಂಚೆಗೆ ಹಾಕಬೇಕು. ಅವನ ಹೆಸರು ನಡುವೆಯೇ ಇದೆ. ಕೆಳಗೆ, ತಂಡವನ್ನು ಪಳಗಿಸುವವರು ಯಾರು ಎಂಬಲ್ಲಿ ನನ್ನ ಹೆಸರನ್ನೇ ಬರೆದುಕೊಂಡಿದ್ದೆ. ಈಗ ಅದನ್ನು ಹೊಡೆದು ಹಾಕಿದೆ. ಆ ಜಾಗಕ್ಕೆ ಇನ್ನು ಯಾರನ್ನು...